ನೆಪಕ್ಕೊಬ್ಬಳು ಹುಡುಗಿ: ಒಬ್ಬ ಹೊಸ ಬರಹಗಾರರಿಗೆ ಸಂಪಾದಕರ ಉತ್ತರ

ನಮಸ್ಕಾರ.

‘ಮಾಂಗಾ ಲೋಕದಲ್ಲಿ ಸ್ತ್ರೀ ಪಾತ್ರಗಳು: ಒಂದು ವಿಮರ್ಶಾತ್ಮಕ ಅವಲೋಕನ’ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ‘ಸ್ಥಳಾವಕಾಶದ ಕೊರತೆ’ ಅಂತ ಒಂದು ಸಾಲು ಬರೆದು ವಾಪಸ್ ಕಳಿಸಬಹುದಿತ್ತು. ಆದರೆ ವಿಷಯ ಗಟ್ಟಿ ಇದೆ, ನೀವು ಆ ಪುಸ್ತಕಗಳನ್ನು ನಿಜವಾಗಿ ಓದಿದ್ದೀರಿ ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಇಷ್ಟುದ್ದದ ಉತ್ತರ.

ನಿಮ್ಮ ವಾದ ಇಷ್ಟು: ಹುಡುಗರಿಗಾಗಿ ಬರುವ ಮಾಂಗಾಗಳಲ್ಲಿ, ಅಂದರೆ ಜಪಾನಿ ಕಾಮಿಕ್ಸ್‌ಗಳಲ್ಲಿ, ಹೆಣ್ಣು ಪಾತ್ರ ಇರುವುದು ನಾಯಕನಿಗೆ ಸಿಟ್ಟು ಬರಿಸಲು, ಅಳು ತರಿಸಲು, ಅವನನ್ನು ಯುದ್ಧಕ್ಕೆ ಹೊರಡಿಸಲು. ಅವಳನ್ನು ಯಾರೋ ಹೊತ್ತೊಯ್ಯುತ್ತಾರೆ, ಇಲ್ಲವೇ ಕೊಲ್ಲುತ್ತಾರೆ, ಎರಡೂ ಇಲ್ಲದಿದ್ದರೆ ಅವಳು ಪಕ್ಕದಲ್ಲಿ ನಿಂತು ಅವನ ಹೆಸರು ಕೂಗುತ್ತಾಳೆ. ಒಪ್ಪಿದೆ. ಆದರೆ ಇದನ್ನೇ ಹದಿನಾಲ್ಕು ಮಾಂಗಾಗಳ ಹೆಸರು ಹಿಡಿದು ಹದಿನಾಲ್ಕು ಸಲ ಹೇಳಿದ್ದೀರಿ. ಮೂರನೆಯದಕ್ಕೇ ನನಗೆ ಅರ್ಥವಾಗಿತ್ತು.

ಮೊದಲು ಒಂದು ಸಣ್ಣ ಮಾತು. ‘ಕಥಾ ಸಾಧನ’ ಅನ್ನುವ ಪದ ಉದ್ದಕ್ಕೂ ಬಳಸಿದ್ದೀರಿ. ಅದನ್ನು ಓದಿದರೆ ನನಗೆ ಶಾಲೆಯ ಲ್ಯಾಬಿನ ಸಾಮಾನು ನೆನಪಾಗುತ್ತದೆ. ನಮ್ಮಲ್ಲಿ ‘ನೆಪ’ ಅಂತ ಒಂದು ಪದ ಇದೆಯಲ್ಲ? ‘ಅವಳು ಬರೀ ನೆಪ’ ಅಂದರೆ ಮುಗಿಯಿತು, ಮಾಂಗಾ ಅಂದರೇನು ಅಂತ ಗೊತ್ತಿಲ್ಲದವರಿಗೂ ತಿಳಿಯುತ್ತದೆ.

ಈಗ ದೊಡ್ಡ ತಕರಾರಿಗೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ‘ನರುಟೊ’ ಅನ್ನುವ ನಿಂಜಾ ಕಥೆಯ ಸಕುರಾ ಹೆಸರು ಒಂಬತ್ತು ಕಡೆ ಬರುತ್ತದೆ. ಪೆನ್ಸಿಲ್ ಹಿಡಿದು ಎಣಿಸಿದೆ. ಎಂಟು ಕಡೆ ಅದೇ ವಾಕ್ಯದಲ್ಲಿ ನಾಯಕ ನರುಟೊ ಇದ್ದಾನೆ, ಇಲ್ಲವೇ ಅವರ ತಂಡದ ಇನ್ನೊಬ್ಬ ಹುಡುಗ ಸಾಸುಕೆ ಇದ್ದಾನೆ. ಒಂಬತ್ತನೆಯದು ಉಪಶೀರ್ಷಿಕೆ. ಅವಳಿಗೆ ಏನು ಬೇಕಿತ್ತು, ಅವಳು ಏನು ಮಾಡಿದಳು ಅಂತ ಒಂದು ಸಾಲೂ ಇಲ್ಲ. ಮಾಂಗಾಕಾರರನ್ನು ಬೈಯಲು ನೀವೂ ಅವಳನ್ನು ನೆಪ ಮಾಡಿಕೊಂಡಿದ್ದೀರಿ. ಬೇಜಾರಾಗಬೇಡಿ, ಕೈಬರಹದ ಪ್ರತಿಯಾಗಿದ್ದರೆ ನೀವೇ ಬರೆಯುತ್ತಾ ಬರೆಯುತ್ತಾ ಗಮನಿಸುತ್ತಿದ್ದಿರೇನೋ.

‘ಸಕುರಾ ಏನನ್ನೂ ಮಾಡುವುದಿಲ್ಲ’ ಅಂತ ಬರೆದಿದ್ದೀರಿ. ನಿಂಜಾಗಳು ಮೇಲಿನ ದರ್ಜೆಗೆ ಏರಲು ಬರೆಯುವ ಚೂನಿನ್ ಪರೀಕ್ಷೆಯ ಕಾಡಿನ ಭಾಗವನ್ನು ಮತ್ತೊಮ್ಮೆ ತೆಗೆದು ನೋಡಿ. ಹುಡುಗರಿಬ್ಬರೂ ಎಚ್ಚರ ತಪ್ಪಿ ಬಿದ್ದಿದ್ದಾರೆ. ಕಾವಲಿಗೆ ಇವಳೊಬ್ಬಳೇ, ಎದುರಿಗೆ ಮೂವರು. ಅವರಲ್ಲಿ ಕಿನ್ ಅನ್ನುವ ಹುಡುಗಿ ಇವಳ ಕೂದಲು ಹಿಡಿದೆಳೆದು, ಇದನ್ನು ನುಣುಪಾಗಿ ಸಾಕುವ ಬದಲು ಅಭ್ಯಾಸ ಮಾಡಬಾರದಿತ್ತಾ ಅಂತ ಹಂಗಿಸುತ್ತಾಳೆ. ಆ ಕೂದಲು ಯಾಕೆ ಉದ್ದ ಅಂದರೆ, ಸಾಸುಕೆಗೆ ಉದ್ದ ಕೂದಲಿನ ಹುಡುಗಿಯರು ಇಷ್ಟ ಅನ್ನುವ ಗಾಳಿಮಾತು. ಸಕುರಾ ಕುನಾಯಿ ಚೂರಿ ತೆಗೆಯುತ್ತಾಳೆ. ಅದೆಲ್ಲ ನನ್ನ ಹತ್ತಿರ ನಡೆಯಲ್ಲ ಅನ್ನುತ್ತಾಳೆ ಕಿನ್. ಆದರೆ ಚೂರಿ ಹೋಗುವುದು ಕಿನ್ ಕಡೆಗಲ್ಲ. ಸಕುರಾ ತನ್ನ ಕೂದಲನ್ನೇ ಕೊಯ್ದುಕೊಂಡು ಬಿಡಿಸಿಕೊಳ್ಳುತ್ತಾಳೆ. ಆಮೇಲೆ ಏಟು ತಿನ್ನುತ್ತಾಳೆ, ಹೊಡೆಯುತ್ತಿರುವವನ ಕೈಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಾಳೆ, ಮುಖ ಊದಿಕೊಂಡರೂ ಬಿಡುವುದಿಲ್ಲ.

ಆಮೇಲೆ ಏನಾಗುತ್ತದೆ? ಸಾಸುಕೆ ಎದ್ದು ನಿಲ್ಲುತ್ತಾನೆ, ಮೈ ತುಂಬ ಶಾಪದ ಗುರುತು. ನಿನಗೆ ಹೀಗೆ ಮಾಡಿದ್ದು ಯಾರು ಅಂತ ಕೇಳುತ್ತಾನೆ. ಅಲ್ಲಿಂದ ಪುಟಗಳೆಲ್ಲ ಅವನವು. ಇಷ್ಟು ಹೊತ್ತು ಅವಳ ಹಟದ ಗುರುತಾಗಿದ್ದ ಆ ಊದಿದ ಮುಖ ಈಗ ಅವನ ಸಿಟ್ಟಿಗೆ ಕಾರಣವಾಗಿ ಕೆಲಸ ಮಾಡುತ್ತದೆ. ಒಬ್ಬ ಮನುಷ್ಯಳು ನೆಪವಾಗಿ ಬದಲಾಗುವುದು ಕಣ್ಣೆದುರಿಗೇ ನಡೆಯುತ್ತದೆ, ಕೆಲವೇ ಪುಟಗಳಲ್ಲಿ. ಕೊನೆಗೆ ಅವನನ್ನು ತಡೆಯುವುದೂ ಅವಳೇ, ಹಿಂದಿನಿಂದ ತಬ್ಬಿಕೊಂಡು, ಅಳುತ್ತಾ. ಇದನ್ನು ಯಾವ ಕಡೆಗೆ ಲೆಕ್ಕ ಹಾಕುತ್ತೀರಿ? ನನಗೂ ಇನ್ನೂ ಬಗೆಹರಿದಿಲ್ಲ. ನಿಮ್ಮ ಲೇಖನ ಇಲ್ಲಿ ನಿಂತು ಯೋಚಿಸಬೇಕಿತ್ತು.

ಒರಿಹಿಮೆಯ ವಿಷಯದಲ್ಲೂ ಅಷ್ಟೆ. ‘ಬ್ಲೀಚ್’ನಲ್ಲಿ ಅವಳನ್ನು ಶತ್ರುಗಳ ಲೋಕಕ್ಕೆ ಕರೆದೊಯ್ಯುತ್ತಾರೆ, ನಾಯಕ ಇಚಿಗೊ ಬಿಡಿಸಲು ಬರುತ್ತಾನೆ ಅಂತ ಹೇಳಿ ಮುಂದೆ ಹೋಗಿದ್ದೀರಿ. ಅವಳಿಗೆ ಅಲ್ಲಿ ಸ್ವಂತದ್ದೊಂದು ಯೋಜನೆ ಇತ್ತು, ನೆನಪಿದೆಯಾ? ಶತ್ರುಗಳಿಗೆ ಬಲ ಕೊಡುವ ಹೋಗ್ಯೊಕು ಅನ್ನುವ ವಸ್ತುವನ್ನು, ಆದದ್ದನ್ನು ಆಗದಂತೆ ಮಾಡುವ ತನ್ನ ಶಕ್ತಿಯಿಂದ, ಹುಟ್ಟೇ ಇಲ್ಲದ ಸ್ಥಿತಿಗೆ ತರಬೇಕು ಅಂತ. ಒಳ್ಳೇ ಯೋಜನೆ. ಕಥೆ ಅದನ್ನು ಎತ್ತಿ ಹಿಡಿದು, ಆಮೇಲೆ ಎಲ್ಲೋ ಇಟ್ಟು ಮರೆತುಬಿಡುತ್ತದೆ. ಅಪಹರಣಕ್ಕಿಂತ ಆ ಮರೆವು ದೊಡ್ಡ ದೂರು. ಅದೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಇದರ ಪಕ್ಕಕ್ಕೆ ವಿನ್ರಿಯನ್ನು ಇಡಿ. ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ (2001–2010). ನಿಮ್ಮ ಪಟ್ಟಿಯಲ್ಲಿ ಅವಳಿಗೆ ಸಿಕ್ಕಿರುವುದು ‘ನಾಯಕನ ಗೆಳತಿ, ಮೆಕ್ಯಾನಿಕ್’ ಅನ್ನುವ ಎರಡೇ ಗುರುತು. ಅವಳ ಕಥೆಯಲ್ಲೂ ಹಳೇ ಸರಕೆಲ್ಲ ಇದೆ. ಡಾಕ್ಟರಾಗಿದ್ದ ಅಪ್ಪ ಅಮ್ಮನನ್ನು ಸ್ಕಾರ್ ಅನ್ನುವವನು ಕೊಂದಿದ್ದಾನೆ, ಅದೂ ಅವರೇ ಅವನಿಗೆ ಚಿಕಿತ್ಸೆ ಕೊಟ್ಟು ಉಳಿಸಿದ ಮೇಲೆ. ನಾಯಕ ಎಡ್ವರ್ಡ್ ಬಾಲ ಬಿಚ್ಚದಿರಲಿ ಅಂತ ಸೇನೆಯವರು ಅವಳನ್ನು ಒತ್ತೆಯಾಳಿನ ಹಾಗೆ ಬಳಸುತ್ತಾರೆ. ಉತ್ತರದ ಹಿಮದಲ್ಲಿ ಸ್ಕಾರ್ ಸಿಕ್ಕಿಬಿದ್ದಾಗ ಅವಳು ಎದುರಿಗೆ ನಿಂತು ಮಾತಾಡುತ್ತಾಳೆ. ಕ್ಷಮಿಸಿಲ್ಲ ಅಂತಲೇ ಹೇಳಿ, ರಕ್ತ ಸುರಿಯುತ್ತಿದ್ದ ಅವನ ಗಾಯಕ್ಕೆ ಪಟ್ಟಿ ಕಟ್ಟುತ್ತಾಳೆ, ಅಪ್ಪ ಅಮ್ಮ ಇದ್ದಿದ್ದರೆ ಇದನ್ನೇ ಮಾಡುತ್ತಿದ್ದರು ಅಂತ. ಆಮೇಲೆ, ಸೇನೆಯ ಹಿಡಿತದಿಂದ ತಪ್ಪಿಸಿಕೊಳ್ಳಲು, ಸ್ಕಾರ್ ನನ್ನನ್ನು ಎತ್ತಿಕೊಂಡು ಹೋದ ಹಾಗೆ ನಾಟಕ ಆಡೋಣ ಅನ್ನುವ ಉಪಾಯ ಹೇಳುವವಳೂ ಅವಳೇ. ಎಡ್ವರ್ಡ್ ಬೇಡ ಅಂತಾನೆ, ಅವಳು ಕೇಳುವುದಿಲ್ಲ. ಅಪಹರಣ ಅನ್ನುವ ಹಳಸಲು ತಂತ್ರವನ್ನು ಹುಡುಗಿಯೇ ತನ್ನ ಕೈಗೆ ತೆಗೆದುಕೊಂಡು ತಿರುಗಿಸಿಬಿಟ್ಟಳು. ನಿಮ್ಮ ಲೇಖನದ ತಿರುಳು ಇದೇ ಆಗಬೇಕಿತ್ತು, ಅಲ್ವಾ?

‘ಸಾವು’ ಅನ್ನುವ ಭಾಗವನ್ನು ಪೂರ್ತಿ ಕತ್ತರಿಸಿ. ಯಾರಾದರೂ ಸತ್ತು ನಾಯಕ ಎದ್ದು ನಿಂತರೆ ಅದೇ ತಪ್ಪು ಅನ್ನುವ ಹಾಗೆ ಬರೆದಿದ್ದೀರಿ. ಮಿತ್ಸುರು ಅದಾಚಿ ಅವರ ಬೇಸ್‌ಬಾಲ್ ಕಥೆ ‘ಟಚ್’ನಲ್ಲಿ ಸಾಯುವುದು ಹುಡುಗ, ಕಜುಯಾ. ಅವನ ಕನಸನ್ನು ಅಣ್ಣ ತತ್ಸುಯಾ ಹೊರುತ್ತಾನೆ. ಆದರೂ ಕಜುಯಾ ನೆಪ ಅನ್ನಿಸುವುದಿಲ್ಲ, ಯಾಕೆಂದರೆ ಅವನು ಬದುಕಿದ್ದಾಗ ನಮಗೆ ಚೆನ್ನಾಗಿ ಗೊತ್ತಿದ್ದ.

ಇನ್ನು ‘ಜಪಾನಿಯರ ಮನಸ್ಥಿತಿ’ ಅನ್ನುವ ಪ್ಯಾರಾ. ದಯವಿಟ್ಟು ಬೇಡ. ಅದೇ ಜಪಾನಿನಲ್ಲಿ ರಿಯೊಕೊ ಇಕೆದಾ 1972ರಲ್ಲೇ ಫ್ರೆಂಚ್ ಕ್ರಾಂತಿಯ ಕಾಲದ ಕಥೆಯೊಂದರಲ್ಲಿ ಆಸ್ಕರ್ ಅನ್ನುವ ಹೆಣ್ಣು ಸೇನಾನಿಯನ್ನು ಬರೆದರು. ಅವಳು ರಾಜನ ಪಕ್ಷ ಬಿಟ್ಟು ಬಾಸ್ಟಿಲ್ ಮೇಲೆ ನುಗ್ಗಿ ಸಾಯುತ್ತಾಳೆ, ತನ್ನದೇ ತೀರ್ಮಾನದಿಂದ. ಮತ್ತೆ, ಹೀರೋ ಕತ್ತಿ ಹಿಡಿಯಲಿ ಅಂತಲೇ ತಂಗಿಯನ್ನು ಸಾಯಿಸುವ ಸಿನಿಮಾಗಳನ್ನು ನೋಡುತ್ತಾ ಬೆಳೆದ ನಾವು ಬೇರೆಯವರ ಮನಸ್ಥಿತಿ ಬಗ್ಗೆ ಮಾತಾಡುವಾಗ ಸ್ವಲ್ಪ ಮೆಲ್ಲಗೆ.

ಕಾರಣ ಬೇಕೆಂದರೆ ಪತ್ರಿಕೆಗಳ ಕೆಲಸದ ರೀತಿ ನೋಡಿ. ‘ನರುಟೊ’, ‘ಬ್ಲೀಚ್’ ಎರಡೂ ಬಂದ ‘ವೀಕ್ಲಿ ಶೋನೆನ್ ಜಂಪ್’ 1968ರಲ್ಲಿ ಶುರುವಾಯಿತು, 1990ರ ದಶಕದ ನಡುವೆ ಒಂದು ಸಂಚಿಕೆ 65 ಲಕ್ಷ ಪ್ರತಿ ದಾಟಿತ್ತು. ಒಂದು ಕಥೆಗೆ ವಾರಕ್ಕೆ ಸುಮಾರು 19 ಪುಟ. ಓದುಗರು ಕಾರ್ಡಿನಲ್ಲಿ ತಮ್ಮ ಮೆಚ್ಚಿನ ಕಥೆಗಳನ್ನು ಬರೆದು ಕಳಿಸುತ್ತಿದ್ದರು. ಕೆಳಗೆ ಉಳಿದ ಕಥೆಗೆ ಬಾಗಿಲು ಮುಚ್ಚುತ್ತಿತ್ತು. ಹೀಗಿರುವಾಗ ನಾಯಕನಿಂದ ಕಣ್ಣು ತೆಗೆದು ಹುಡುಗಿಗೆ ಎರಡು ವಾರ ಕೊಡುವುದು ಧೈರ್ಯದ ಕೆಲಸ. ಅರಕಾವಾ ಬರೆದದ್ದು ತಿಂಗಳ ಪತ್ರಿಕೆಗೆ, ಪುಟವೂ ಜಾಸ್ತಿ, ಉಸಿರಾಡಲು ಸಮಯವೂ ಜಾಸ್ತಿ. ಇದೇ ಪೂರ್ತಿ ಕಾರಣ ಅನ್ನುತ್ತಿಲ್ಲ. ಆದರೆ ‘ಮನಸ್ಥಿತಿ’ಗಿಂತ ಇದನ್ನು ಕೈಯಲ್ಲಿ ಹಿಡಿದು ತೋರಿಸಬಹುದು.

ಹದಿನಾಲ್ಕನ್ನು ಮೂರಕ್ಕೆ ಇಳಿಸಿ: ಸಕುರಾ, ಒರಿಹಿಮೆ, ವಿನ್ರಿ. ಸಾವಿರದ ಇನ್ನೂರು ಪದ ಸಾಕು. ಕೂದಲಿನ ದೃಶ್ಯದಿಂದಲೇ ಶುರು ಮಾಡಿ, ‘ಇಂದಿನ ಯುವಜನತೆಯಲ್ಲಿ ಮಾಂಗಾ’ ಅನ್ನುವ ಪೀಠಿಕೆ ತೆಗೆಯಿರಿ. ಹೆಸರುಗಳ ಕಾಗುಣಿತ ಒಂದೇ ಥರ ಇರಲಿ, ಎರಡನೇ ಪುಟದ ‘ಸಕುರಾ’ ಐದನೇ ಪುಟಕ್ಕೆ ಬರುವಾಗ ‘ಸಾಕುರ’ ಆಗಿದ್ದಾಳೆ. ಈ ಸಲ ಯೂನಿಕೋಡ್‌ನಲ್ಲಿ ಕಳಿಸಿ. ಹಳೇ ಫಾಂಟಿನ ಫೈಲ್ ತೆರೆದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಮೊದಲ ಪುಟವನ್ನು ನಾನು ಅರ್ಧ ಊಹಿಸಿಕೊಂಡೇ ಓದಿದ್ದು.

ಇಂತಿ,
ಸಂಪಾದಕ