ಕಂಪನಿ ಅಮೆರಿಕದ್ದಾದರೂ ರಜೆಯ ಲೆಕ್ಕ ಜರ್ಮನಿಯದು

ಅಮೆರಿಕದ ಕಂಪನಿ, ಜರ್ಮನಿಯಲ್ಲಿ ಅವರಿಗೆ ಆಫೀಸಿಲ್ಲ, ನೀವು ಬರ್ಲಿನ್‌ನಲ್ಲಿ ಮನೆಯಿಂದಲೇ ಕೆಲಸ ಮಾಡಬೇಕು. ವರ್ಷಕ್ಕೆ 12 ದಿನ ರಜೆ, 5 ಸಿಕ್ ಲೀವ್, ಕೊನೆಗೆ "ಈ ಒಪ್ಪಂದಕ್ಕೆ ಅಮೆರಿಕದ ಕಾನೂನು ಅನ್ವಯ" ಅನ್ನೋ ಸಾಲು. ಸಹಿ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಿ, ಆದರೆ ಈ ಮೂರನ್ನೂ ತಿದ್ದಿಸಿಕೊಂಡು ಹಾಕಿ. ಸಂಗಾತಿ ವೀಸಾದಲ್ಲಿ ಬರುತ್ತಿರುವುದರಿಂದ ಕೆಲಸದ ಅನುಮತಿಯ ತಲೆನೋವು ನಿಮಗಿಲ್ಲ.

ಮೊದಲು ಆ ಕೊನೆಯ ಸಾಲು. ಯುರೋಪಿಯನ್ ಒಕ್ಕೂಟದ ರೋಮ್ 1 ನಿಯಮಾವಳಿಯ 8ನೇ ವಿಧಿ ಪ್ರಕಾರ, ಒಪ್ಪಂದದಲ್ಲಿ ಯಾವ ದೇಶದ ಕಾನೂನು ಅಂತ ಬರೆದುಕೊಂಡರೂ, ನೀವು ಕೂತು ಕೆಲಸ ಮಾಡುವ ದೇಶ ನೌಕರರಿಗೆ ಕೊಟ್ಟಿರುವ ಕಡ್ಡಾಯ ರಕ್ಷಣೆಯನ್ನು ಕಿತ್ತುಕೊಳ್ಳುವಂತಿಲ್ಲ. ಹಾಗಾಗಿ ಆ 12 ದಿನಕ್ಕೆ ಇಲ್ಲಿ ಬೆಲೆಯಿಲ್ಲ. ಜರ್ಮನಿಯ 1963ರ ರಜೆ ಕಾಯ್ದೆಯಲ್ಲಿ 24 ದಿನ ಅಂತಿದೆ. ಅದು ವಾರಕ್ಕೆ ಆರು ದಿನ ದುಡಿಯುವವರ ಲೆಕ್ಕ, ಐದು ದಿನದ ವಾರಕ್ಕೆ 20 ಆಗುತ್ತದೆ. ಇದು ಕನಿಷ್ಠ ಅಷ್ಟೇ. ಇಲ್ಲಿನ ಐಟಿ ಕಂಪನಿಗಳಲ್ಲಿ 28, 30 ಮಾಮೂಲು, ಅಷ್ಟನ್ನೇ ಕೇಳಿ, ಸಂಕೋಚ ಬೇಡ. ನಿಮ್ಮ ಎಚ್‌ಆರ್ ಮೋಸ ಮಾಡುತ್ತಿದ್ದಾರೆ ಅಂತ ನನಗನ್ನಿಸುವುದಿಲ್ಲ. ಸಂಬಳ ಸಹಿತ ರಜೆ ಕೊಡಲೇಬೇಕು ಅನ್ನೋ ಫೆಡರಲ್ ಕಾನೂನೇ ಇಲ್ಲದ ದೇಶದವರು, ಇದ್ದ ಟೆಂಪ್ಲೇಟನ್ನೇ ಕಳಿಸಿರುತ್ತಾರೆ.

ಸರ್ಕಾರಿ ರಜೆಗಳು ಇದರ ಮೇಲೆ ಬೇರೆ. ಬರ್ಲಿನ್‌ಗೆ 10, ಬವೇರಿಯಾದ ಬಹುತೇಕ ಊರುಗಳಿಗೆ 13. ಹಬ್ಬ ಭಾನುವಾರ ಬಿತ್ತೋ, ಹೋಯಿತು, ಸೋಮವಾರ ಬದಲಿ ಸಿಗುವುದಿಲ್ಲ. ಅಮೆರಿಕದ ಜುಲೈ 4ಕ್ಕೆ ಟೀಮೆಲ್ಲ ಮಲಗಿದ್ದರೂ ನಿಮಗೆ ಕೆಲಸದ ದಿನವೇ.

ಸಿಕ್ ಲೀವ್ ವಿಷಯದಲ್ಲಿ ಹೊಸಬರು ಯಾರೂ ನಂಬುವುದಿಲ್ಲ: ಇಲ್ಲಿ ಅದಕ್ಕೆ ವರ್ಷದ ಕೋಟಾ ಇಲ್ಲ. ಒಂದು ಕಾಯಿಲೆಗೆ ಆರು ವಾರದವರೆಗೆ ಪೂರ್ತಿ ಸಂಬಳ ಕಂಪನಿಯೇ ಕೊಡಬೇಕು. ಆಮೇಲೆ ಸರ್ಕಾರಿ ಆರೋಗ್ಯ ವಿಮೆಯವರು ಒಟ್ಟು ಸಂಬಳದ ಶೇ 70ರಷ್ಟು ಕೊಡುತ್ತಾರೆ, ಅದು ಕೈಗೆ ಬರುತ್ತಿದ್ದ ಸಂಬಳದ ಶೇ 90 ಮೀರಬಾರದು. ಕಂಪನಿಯ ಹೊಣೆ ಶುರುವಾಗುವುದು ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದ ಮೇಲೆ, ಅಲ್ಲಿಯವರೆಗೆ ವಿಮೆಯೇ ಗತಿ. ಮೂರು ದಿನಕ್ಕಿಂತ ಹೆಚ್ಚು ಮಲಗಿದರೆ ಡಾಕ್ಟರ ಸರ್ಟಿಫಿಕೇಟ್ ಬೇಕು. ರಜೆಯಲ್ಲಿದ್ದಾಗ ಜ್ವರ ಬಂದರೂ ಡಾಕ್ಟರ ಹತ್ತಿರ ಹೋಗಿ ಬರೆಸಿಕೊಳ್ಳಿ, ಅಷ್ಟು ದಿನದ ರಜೆ ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಅಮೆರಿಕದ ಮ್ಯಾನೇಜರಿಗೆ ಇದನ್ನು ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ, ಅದೇ ರಜೆ ಕಾಯ್ದೆಯ 9ನೇ ಸೆಕ್ಷನ್ ತೋರಿಸಿ.

ಇಷ್ಟೆಲ್ಲ ಕೇಳಿ ಹಿಗ್ಗಬೇಡಿ. ನಿಮ್ಮ ಪರಿಸ್ಥಿತಿಯ ನಿಜವಾದ ದುರ್ಬಲ ಜಾಗ ರಜೆಯಲ್ಲ, ಕೆಲಸದ ಭದ್ರತೆ. ಆರು ತಿಂಗಳಾದ ಮೇಲೆ ಕಾರಣವಿಲ್ಲದೆ ತೆಗೆಯುವಂತಿಲ್ಲ ಅನ್ನೋ ಜರ್ಮನ್ ಕಾನೂನಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದು ಅನ್ವಯಿಸಲು ಸಂಸ್ಥೆಯಲ್ಲಿ 10ಕ್ಕಿಂತ ಹೆಚ್ಚು ಜನ ಇರಬೇಕು, ಆ ಲೆಕ್ಕಕ್ಕೆ ಬರುವುದು ಜರ್ಮನಿಯಲ್ಲಿರುವವರು ಮಾತ್ರ. ಅಮೆರಿಕದಲ್ಲಿ ಸಾವಿರ ಜನ ಇದ್ದರೂ, ಇಲ್ಲಿ ನೀವೊಬ್ಬರೇ ಆದರೆ ಆ ರಕ್ಷಣೆ ಸಿಗುವುದಿಲ್ಲ. ಕಾನೂನಿನ ನೋಟಿಸ್ ಪೀರಿಯಡ್ ಪ್ರೊಬೇಷನ್‌ನಲ್ಲಿ ಎರಡು ವಾರ, ನಂತರ ಸೇರಿ ಎರಡು ವರ್ಷವಾಗುವವರೆಗೆ ನಾಲ್ಕು ವಾರ. ಅದಕ್ಕೇ ನನ್ನ ಸಲಹೆ: ಚೌಕಾಸಿ ಮಾಡುವ ಶಕ್ತಿಯನ್ನೆಲ್ಲ ಮೂರು ತಿಂಗಳ ನೋಟಿಸ್ ಬರೆಸಿಕೊಳ್ಳುವುದಕ್ಕೆ ಬಳಸಿ. ಅಂದಹಾಗೆ ಈಮೇಲ್‌ನಲ್ಲೋ ವಿಡಿಯೋ ಕಾಲ್‌ನಲ್ಲೋ ಕೆಲಸದಿಂದ ತೆಗೆದರೆ ಅದು ಸಿಂಧುವಲ್ಲ, ಸಹಿ ಮಾಡಿದ ಕಾಗದವೇ ಕೈಸೇರಬೇಕು. ಸೇರಿದ ಮೂರು ವಾರದೊಳಗೆ ಲೇಬರ್ ಕೋರ್ಟಿಗೆ ಹೋಗದಿದ್ದರೆ ಸಾಮಾನ್ಯವಾಗಿ ಬಾಗಿಲು ಮುಚ್ಚಿದಂತೆ.

ಮಗುವಿನ ಯೋಚನೆ ಇದ್ದರೆ ಇದು ಗೊತ್ತಿರಲಿ: ಹೆರಿಗೆ ರಕ್ಷಣೆಗೆ ಕಂಪನಿಯ ಗಾತ್ರ ಲೆಕ್ಕಕ್ಕಿಲ್ಲ. ಹೆರಿಗೆಗೆ ಮುಂಚೆ 6 ವಾರ, ನಂತರ 8 ವಾರ ರಜೆ. ಗರ್ಭಿಣಿಯಾದಾಗಿನಿಂದ ಹೆರಿಗೆಯಾಗಿ ನಾಲ್ಕು ತಿಂಗಳವರೆಗೆ, ಪ್ರೊಬೇಷನ್‌ನಲ್ಲಿದ್ದರೂ, ಸರ್ಕಾರದ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ.

ಇನ್ನು ಸಂಬಳ. ಇಲ್ಲಿ ಕಂಪನಿ ನೋಂದಾಯಿಸದಿದ್ದರೂ ನೌಕರರನ್ನು ಇಟ್ಟುಕೊಳ್ಳಬಹುದು, ಆದರೆ ಉದ್ಯೋಗ ಇಲಾಖೆಯಿಂದ ಉದ್ಯೋಗದಾತರ ಸಂಖ್ಯೆ ಪಡೆದು ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆಗಳಿಗೆ ತಮ್ಮ ಪಾಲು ಕಟ್ಟಲೇಬೇಕು. ಇಲ್ಲಿ ಅವರ ಯಾವ ಶಾಖೆಯೂ ಇಲ್ಲದಿದ್ದರೆ ಆದಾಯ ತೆರಿಗೆಯನ್ನು ಸಂಬಳದಲ್ಲೇ ಹಿಡಿಯುವ ಬಾಧ್ಯತೆ ಅವರಿಗಿಲ್ಲ. ತೆರಿಗೆ ಕಚೇರಿಗೆ ಮುಂಗಡ ಕಂತು ನೀವೇ ಕಟ್ಟಬೇಕಾಗುತ್ತದೆ, ಖಾತೆಗೆ ಬಂದದ್ದೆಲ್ಲ ನಿಮ್ಮದು ಅಂದುಕೊಂಡು ಖರ್ಚು ಮಾಡಬೇಡಿ. "ಇಷ್ಟೆಲ್ಲ ರಗಳೆ ಯಾಕೆ, ಕನ್ಸಲ್ಟೆಂಟ್ ಆಗಿ ಬಿಲ್ ಕಳಿಸಿ" ಅಂತ ಅವರು ಹೇಳುವ ಸಾಧ್ಯತೆಯೂ ಇದೆ. ಹಾಗೆ ಒಪ್ಪಿದರೆ ರಜೆ, ಸಿಕ್ ಪೇ, ನೋಟಿಸ್, ವಿಮೆಯ ಪಾಲು ಎಲ್ಲ ಕಾಗದದಿಂದ ಮಾಯ. ಒಬ್ಬರೇ ಗ್ರಾಹಕರಿಗೆ, ಅವರು ಹೇಳಿದ ಸಮಯಕ್ಕೆ, ಅವರು ಹೇಳಿದಂತೆ ದುಡಿದರೆ ಅದು ನೌಕರಿಯೇ ಅಂತ ಇಲ್ಲಿನ ಪಿಂಚಣಿ ಇಲಾಖೆ ತೀರ್ಮಾನಿಸಬಹುದು, ಆಗ ಹಿಂದಿನ ವರ್ಷಗಳ ಬಾಕಿಯೆಲ್ಲ ಕಂಪನಿಯ ಮೇಲೆ ಬೀಳುತ್ತದೆ. ಇದನ್ನು ಎಚ್‌ಆರ್‌ಗೆ ಬರೆಯುವಾಗ ಅವರ ಲೀಗಲ್ ಟೀಮನ್ನೂ ಸಿಸಿಯಲ್ಲಿ ಹಾಕಿ, ಉತ್ತರ ಬೇಗ ಬರುತ್ತದೆ.