ನಮ್ಮವರು ತಪ್ಪಿದರೆ ಸಂದರ್ಭ, ಅವರು ತಪ್ಪಿದರೆ ಸ್ವಭಾವ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ನಮ್ಮ ಶಾಲೆಯಲ್ಲಿ ಕನ್ನಡ, ಮಲಯಾಳ ಎರಡೂ ಮಾಧ್ಯಮಗಳಿವೆ. ವಾರ್ಷಿಕೋತ್ಸವದ ಲೆಕ್ಕ ಒಪ್ಪಿಸಲು ಮಲಯಾಳ ವಿಭಾಗದ ಹೆತ್ತವರು ತಡಮಾಡಿದಾಗ ನಮ್ಮ ಕಡೆಯವರು "ಅವರ ಬುದ್ಧಿಯೇ ಅಷ್ಟು" ಎಂದರು. ಮರುವರ್ಷ ನಮ್ಮವರೇ ತಡಮಾಡಿದಾಗ "ಅಡಿಕೆ ಕೊಯ್ಲಿನ ಸಮಯ, ಪಾಪ, ಪುರುಸೊತ್ತೆಲ್ಲಿ?" ಎಂಬ ಮಾತು ಬಂತು. ವಿದ್ಯಾವಂತರೂ ಹೀಗೇಕೆ? ಇದನ್ನು ಪ್ರಶ್ನಿಸಿದರೆ ನನಗೆ ಭಾಷಾಭಿಮಾನವಿಲ್ಲ ಎನ್ನುತ್ತಾರೆ. ಏನು ಮಾಡಲಿ?
– ರಕ್ಷಕ-ಶಿಕ್ಷಕ ಸಂಘದ ಸದಸ್ಯೆಯೊಬ್ಬರು

ಉತ್ತರ: ನೀವು ಬರೆದ ಎರಡು ಮಾತುಗಳಲ್ಲಿಯೇ ವಿಷಯದ ತಿರುಳಿದೆ. ತಡವಾದದ್ದು ಎರಡೂ ಸಲ ಒಂದೇ ಕೆಲಸ. ಆದರೆ ಒಮ್ಮೆ ಅದಕ್ಕೆ ಸ್ವಭಾವ ಕಾರಣವಾಯಿತು, ಇನ್ನೊಮ್ಮೆ ಸಂದರ್ಭ. ಡೊನಾಲ್ಡ್ ಟೇಲರ್ ಮತ್ತು ವೈಷ್ಣಾ ಜಗ್ಗಿ ಅವರು ದಕ್ಷಿಣ ಭಾರತದಲ್ಲಿಯೇ ನಡೆಸಿ 1974ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಅಧ್ಯಯನದಲ್ಲಿ ಇದೇ ಕಂಡುಬಂದಿತ್ತು. ಹಿಂದೂ ಗುಮಾಸ್ತರಿಗೆ ಕೆಲವು ಸನ್ನಿವೇಶಗಳನ್ನು ಕೊಟ್ಟು, ಅಲ್ಲಿನ ವ್ಯಕ್ತಿ ಹಾಗೆ ನಡೆದುಕೊಂಡದ್ದೇಕೆ ಎಂದು ಕೇಳಿದಾಗ, ಹಿಂದೂ ಒಬ್ಬನ ಒಳ್ಳೆಯ ನಡತೆಗೆ ಅವನ ಗುಣವನ್ನೂ ಕೆಟ್ಟ ನಡತೆಗೆ ಹೊರಗಿನ ಕಾರಣವನ್ನೂ ಅವರು ಆರಿಸಿದರು. ಮುಸ್ಲಿಂ ಒಬ್ಬನ ವಿಷಯದಲ್ಲಿ ಈ ಲೆಕ್ಕ ತಿರುಗುಮುರುಗಾಯಿತು. ಈ ಕ್ರಮದಲ್ಲಿ ಯೋಚಿಸುವವನಿಗೆ ಎದುರು ಪಕ್ಷದವರ ಎಷ್ಟು ಒಳ್ಳೆಯ ಕೆಲಸಗಳನ್ನು ತೋರಿಸಿದರೂ ಅಭಿಪ್ರಾಯ ಬದಲಾಗುವುದಿಲ್ಲ, ಏಕೆಂದರೆ ಅವೆಲ್ಲವೂ ಅವನಿಗೆ ಆಕಸ್ಮಿಕಗಳಾಗಿಯೇ ಕಾಣುತ್ತವೆ. ನನಗೆ ಅತ್ಯಂತ ಕಳವಳ ತರುವ ಅಂಶ ಇದು.

ಇದಕ್ಕೆ ಹಳೆಯ ಜಗಳವಾಗಲಿ ಭಾಷೆಯಾಗಲಿ ಬೇಕೆಂದೇ ಇಲ್ಲ. ಮನಶ್ಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬ್ರಿಸ್ಟಲ್‌ನ ಹದಿನಾಲ್ಕು-ಹದಿನೈದರ ಹುಡುಗರನ್ನು, ಯಾವ ಚಿತ್ರಕಾರ ಮೆಚ್ಚುಗೆಯಾದ ಎಂಬಂಥ ಕ್ಷುಲ್ಲಕ ನೆಪದಲ್ಲಿ ಎರಡು ಗುಂಪು ಮಾಡಲಾಗಿತ್ತು. ತಮಗೇನೂ ಲಾಭವಿಲ್ಲದಿದ್ದರೂ, ಯಾರೆಂದು ತಿಳಿಯದ ತಮ್ಮ ಗುಂಪಿನವನಿಗೆ ಅವರು ಹೆಚ್ಚು ಹಣ ಹಂಚಿದರು. ತಮ್ಮವರಿಗೆ ಸಿಗುವ ಮೊತ್ತ ಸ್ವಲ್ಪ ಇಳಿದರೂ ಸರಿ, ಇತರರಿಗಿಂತ ಅದು ಹೆಚ್ಚಿರಬೇಕೆಂಬ ಒಲವು ಅವರಲ್ಲಿತ್ತು.

ನಮ್ಮವರು, ಅವರು ಎಂಬ ಗೆರೆ ಬೇಕಾದಂತೆ ಸರಿಯುತ್ತದೆ ಎಂಬುದು ಕಾಸರಗೋಡಿನವರಾದ ನಮಗೆ ಅನುಭವದಿಂದ ಗೊತ್ತು. ಇಲ್ಲಿ ಕನ್ನಡದವರಾದ ನಮ್ಮ ಮಕ್ಕಳು ಮಂಗಳೂರಿಗೆ ಓದಲು ಹೋದರೆ "ಕೇರಳದವರು" ಎನಿಸಿಕೊಳ್ಳುವುದುಂಟು. 2020ರಲ್ಲಿ ಕೊರೊನಾ ಕಾರಣಕ್ಕೆ ಕರ್ನಾಟಕವು ತಲಪಾಡಿಯ ಗಡಿ ಮುಚ್ಚಿದಾಗ ಕನ್ನಡ ಮಾತನಾಡುವ ರೋಗಿಯೂ ಆಚೆಯವನೇ ಆಗಿದ್ದ. ಆಗ ನಮಗಾದ ನೋವನ್ನು ನೆನೆದರೆ ಮಲಯಾಳ ವಿಭಾಗದ ಹೆತ್ತವರ ಸ್ಥಾನದಲ್ಲಿ ನಿಂತು ನೋಡುವುದು ಕಷ್ಟವಾಗದು.

ಇನ್ನು ಭಾಷಾಭಿಮಾನದ ಆಕ್ಷೇಪ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಇಂದಿನ ಕರ್ನಾಟಕ) ಸೇರಬೇಕೆಂಬ, ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗದ 1967ರ ಶಿಫಾರಸು ಜಾರಿಗೆ ಬರಲಿಲ್ಲ. ಆ ಕೊರಗು ಸುಳ್ಳಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಹಿಡಿದು, ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಪಟ್ಟು ಹಿಡಿಯುವುದು ನ್ಯಾಯ, ಅದನ್ನು ಎಲ್ಲಿಯೂ ಸಡಿಲಿಸಬೇಡಿ. ಆದರೆ ಆ ಬೇಡಿಕೆ ಸರಕಾರದ ಮುಂದಿಡುವಂಥದು. ರಶೀದಿ ತರಲು ತಡಮಾಡಿದ ನೆರೆಮನೆಯವರ ಬುದ್ಧಿಯನ್ನು ಅಳೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸಭೆಯಲ್ಲಿ ಉಪದೇಶ ಮಾಡಿದರೆ ಜನ ಇನ್ನಷ್ಟು ಬಿಗಿಯಾಗುತ್ತಾರೆ. ವ್ಯವಸ್ಥೆಯನ್ನೇ ಬದಲಿಸಲು ಸೂಚಿಸಿ. ವಿಭಾಗಕ್ಕೊಂದು ಲೆಕ್ಕ ಬೇಡ, ಎರಡೂ ಮಾಧ್ಯಮದ ಒಬ್ಬೊಬ್ಬರು ಸೇರಿ ಒಂದೇ ಲೆಕ್ಕ ಬರೆಯಲಿ, ಗಡುವು ಎಲ್ಲರಿಗೂ ಒಂದೇ ಇರಲಿ. ತಡವಾದರೆ ಕಾರಣವನ್ನು ತಡಮಾಡಿದವರಿಂದಲೇ ಕೇಳಿ ನಡಾವಳಿ ಪುಸ್ತಕದಲ್ಲಿ ದಾಖಲಿಸಿ. ಕೊಯ್ಲಿನ ತಿಂಗಳಲ್ಲಿ ಗಡುವಿಡುವುದೇ ತೊಂದರೆಯಾದರೆ, ದಿನಾಂಕವನ್ನು ಮುಂದೂಡುವ ಪ್ರಸ್ತಾವವನ್ನು ಮುಂದಿನ ಸಭೆಯಲ್ಲಿ ನೀವೇ ಮಂಡಿಸಬಹುದು.