ಲ್ಯಾಬಿನ ವೆನ್ವ್ ಫೋಲ್ಡರ್ ಮನೆಯ ಲ್ಯಾಪ್‌ಟಾಪಿನಲ್ಲಿ ಯಾಕೆ ಓಡುವುದಿಲ್ಲ?

ವೆನ್ವ್ ಎಂದರೆ ಒಂದು ಪೈಥಾನ್ ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬೇರೆಯಾಗಿ ಇಡುವ ಫೋಲ್ಡರ್. ವಿಜಯಪುರದ ಕಾಲೇಜು ಲ್ಯಾಬಿನಲ್ಲಿ ಮಾಡಿದ ವೆನ್ವ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಸಿಂದಗಿಯ ಮನೆಗೆ ಒಯ್ದರೆ ಕೆಡುವುದು ಸಹಜ. ಅದರೊಳಗಿನ ಸ್ಕ್ರಿಪ್ಟುಗಳಲ್ಲಿ ಲ್ಯಾಬಿನ ಕಂಪ್ಯೂಟರಿನ ಪೂರ್ಣ ಪಾತ್ (ಫೋಲ್ಡರ್ ಇರುವ ಜಾಗದ ವಿಳಾಸ) ಬರೆದಿರುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಆ ಜಾಗವೇ ಇರುವುದಿಲ್ಲ.

ಫೋಲ್ಡರ್ ಬೇಡ, ಅದರಲ್ಲಿರುವ ಪ್ಯಾಕೇಜುಗಳ ಪಟ್ಟಿ ಒಯ್ಯಿರಿ. ಲ್ಯಾಬಿನಲ್ಲಿ ವೆನ್ವ್ ಆಕ್ಟಿವೇಟ್ ಆಗಿರುವಾಗಲೇ (ಚಾಲೂ ಇರುವಾಗಲೇ), ಪ್ಯಾಕೇಜು ಹಾಕುವ ಸಾಧನವಾದ ಪಿಪ್‌ನ ಈ ಕಮಾಂಡ್ ‘ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಡಿ. ಆಕ್ಟಿವೇಟ್ ಮಾಡದೆ ಕೊಟ್ಟರೆ ಆ ಕಂಪ್ಯೂಟರಿನಲ್ಲಿ ಯಾರ್‍ಯಾರೋ ಹಾಕಿದ ಪ್ಯಾಕೇಜುಗಳೆಲ್ಲ ಪಟ್ಟಿಗೆ ಬಂದು ಕೂರುತ್ತವೆ, ಇದನ್ನು ಖಂಡಿತ ಗಮನಿಸಿ. ಮನೆಯಲ್ಲಿ ‘ಪೈಥಾನ್ -ಎಂ ವೆನ್ವ್ ಹೊಸದು’ (‘ಹೊಸದು’ ಎಂಬುದು ಹೊಸ ಫೋಲ್ಡರಿನ ಹೆಸರು) ಕೊಟ್ಟು, ಆಕ್ಟಿವೇಟ್ ಮಾಡಿ, ‘ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ’ ಕೊಡಿ. ವೆನ್ವ್ 2012ರ ಪೈಥಾನ್ 3.3ರಿಂದಲೂ ಜೊತೆಗೇ ಬರುತ್ತದೆ.

ಎರಡೂ ಕಡೆ ‘ಪೈಥಾನ್ --ವರ್ಷನ್’ ನೋಡಿಕೊಳ್ಳಿ. ಆವೃತ್ತಿ ಬೇರೆಯಾದರೆ ಕೆಲವು ಪ್ಯಾಕೇಜುಗಳು ಇನ್‌ಸ್ಟಾಲ್ ಆಗದೆ ಇರಬಹುದು. ನಿಮ್ಮ ಕೋಡನ್ನು ಮಾತ್ರ ವೆನ್ವ್ ಫೋಲ್ಡರಿನ ಹೊರಗೇ ಇಡಿ.